ಮೊದಲು ಸರಕು, ಆಮೇಲೆ ಆಳು

"ಇಷ್ಟು ಭಾರ ಏಳಲ್ಲ ಟೀಚರ್," ಎಂದ ಬಚ್ಚಪ್ಪ, ಆದಿಲಕ್ಷ್ಮಿಯ ಮಡಿಲಲ್ಲಿದ್ದ ರಾಕೆಟ್ಟಿನ ಚಿತ್ರ ನೋಡುತ್ತ.

ಆರು ತಿಂಗಳಿಂದ ಸಂಜೆಯ ಬಂಗಾರಪೇಟೆ ರೈಲಿನಲ್ಲಿ ಎದುರುಬದುರು ಕೂತವರು. ಅವಳು ಆಂಡರ್ಸನ್‌ಪೇಟೆ ಶಾಲೆಯ ಟೀಚರು. ಅವನು ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯಲ್ಲಿ ಆಳು, ಸರಕು ಹೊರುವ ಕಬ್ಬಿಣದ ಕೇಜು ಇಳಿಸಿ ಏರಿಸುವ ಇಂಜಿನ್ ನಡೆಸುವವನು. ಸೋಮವಾರ ಅವಳು ಒಂದು ವರ್ಷದ ಬಿ.ಎಡ್.ಗೆ ಮೈಸೂರಿಗೆ ಹೊರಡಬೇಕು. ಅಷ್ಟರಲ್ಲಿ ಇವನು ಮನಸ್ಸಿನ ಮಾತು ಆಡಿಯಾನೇ ಎಂದು ಕಾದವಳಿಗೆ ಸಿಕ್ಕಿದ್ದು ಈ ತಕರಾರು.

"ಮಾಸಪತ್ರಿಕೆಯ ಸ್ಪರ್ಧೆ," ಎಂದಳು ಬಿಗುವಾಗಿ. "ಕಡಿಮೆ ಖರ್ಚಲ್ಲಿ ಮನುಷ್ಯರನ್ನ ಮತ್ತೆ ಚಂದ್ರನ ಮೇಲೆ ಇಳಿಸೋದು ಹೇಗೆ ಅಂತ. ನಿಮಗೇನು ಗೊತ್ತು?"

"ರಾಕೆಟ್ ಗೊತ್ತಿಲ್ಲ. ಇಳಿಸಾದು ಗೊತ್ತು." ತುಟಿಯಂಚಿನಲ್ಲೊಂದು ನಗು ಬಂದು ಮರೆಯಾಯಿತು. "ಇದರಲ್ಲಿ ಏನೇನು ತುಂಬಿದ್ದೀರ?"

"ಎಲ್ಲಾ. ಜನ, ಇಳಿಯೋ ನೌಕೆ, ವಾಪಸ್ ಬರೋ ಇಂಧನ. ಹಿಂದೆ ಹೋದವರೂ ಒಂದೇ ದೊಡ್ಡ ರಾಕೆಟ್ಟಲ್ಲೇ ಹೋದರು."

"ನಮ್ಮ ಗಣೀಲಿ ಅಂಗೆ ಮಾಡಿದ್ರೆ ನನ್ನ ಕೆಲಸ ಓಗ್ತದೆ. ಮರದ ದಿಮ್ಮಿ ಜೊತೆ ಆಳು ಇಳಿಯಂಗಿಲ್ಲ. ಮೊದಲು ಸರಕು, ಆಮೇಲೆ ಆಳು. ಒಂದೇ ಕೇಜು, ಎರಡು ಸಲ."

ಗಮಕ ಕೇಳುವವಳಂತೆ ಅವಳು ಕಿವಿಗೊಟ್ಟು ಕೇಳಿದಳು. ಆಮೇಲೆ ರಬ್ಬರ್ ತೆಗೆದು ದೊಡ್ಡ ರಾಕೆಟ್ಟನ್ನು ಅಳಿಸಿ, ಸಣ್ಣವೆರಡನ್ನು ಬರೆದಳು.

"ಇಳಿಯೋ ನೌಕೆ ಮೊದಲು ಖಾಲಿ ಹೋಗಿ ಚಂದ್ರನ ಸುತ್ತ ಸುತ್ತುತಾ ಇರುತ್ತೆ. ಜನ ಇನ್ನೊಂದರಲ್ಲಿ ಹೋಗಿ ಅದಕ್ಕೆ ಹತ್ತುತಾರೆ. ಈಗಿರೋ ಸಣ್ಣ ರಾಕೆಟ್ಟೇ ಸಾಕು." ಕಣ್ಣೆತ್ತಿದಳು. "ಆದ್ರೆ ಅದು ಒಂಟಿಯಾಗಿ ಎಷ್ಟು ದಿನ ಕಾಯುತ್ತೆ?"

ಬಚ್ಚಪ್ಪ ಕಿಟಕಿಯಾಚೆ ನೋಡಿದ. ರೈಲು ಬಂಗಾರಪೇಟೆ ಸೇರುತ್ತಿತ್ತು.

"ನಮ್ಮವ್ವ ಈ ವರ್ಷವೇ ಮದುವೆ ಅಂತವ್ಳೆ," ಎಂದ. "ಒಂದು ವರ್ಷ ತಡಿ, ಟೀಚರ್ ಮೈಸೂರಿಂದ ಬರಲಿ ಅಂದಿದ್ದೀನಿ."

ಆದಿಲಕ್ಷ್ಮಿಯ ಕಿವಿ ಕೆಂಪಾಯಿತು. "ನನ್ನ ಕೇಳದೇನೇ ಹೇಳಿಬಿಟ್ರಾ?"

"ಈಗ ಕೇಳ್ತಿದ್ದೀನಲ್ಲ."

"ಆರು ತಿಂಗಳು ಏನು ಮಾಡ್ತಿದ್ರಿ?"

"ನೀವು ತಲೆ ಎತ್ತಿದಾಗ ಕೇಳಾನ ಅಂತಿದ್ದೆ. ನೀವು ಎತ್ತಿದಾಗ ನಾನು ತಗ್ಗಿಸ್ತಿದ್ದೆ."

ಅವಳು ನಕ್ಕು, ಕಾಗದ ಮಡಚಿ ಎದ್ದಳು. ಪ್ಲಾಟ್‌ಫಾರ್ಮಿಗೆ ಇಳಿದ ಮೇಲೆ ತಿರುಗಿದಳು.

"ಭಾನುವಾರ ಅಪ್ಪ ಮನೇಲಿರ್ತಾರೆ. ನಿಮ್ಮ ತಾಯಿನೂ ಕರ್ಕೊಂಡು ಬನ್ನಿ."

ಹೊರಗೆ ಅವನೂರು ಕಾಮಸಮುದ್ರದ ಬಸ್ಸು ಅವನ ಕಣ್ಣೆದುರೇ ಹೊರಟಿತು. ಅವನು ಓಡಲಿಲ್ಲ, ಅವಳ ಮನೆಗೆ ದಾರಿ ಯಾವುದೆಂದು ಅವಳನ್ನೇ ಕೇಳುತ್ತ ನಿಂತ.