ಸೇತುವೆಯಾಚೆಯ ತಂಗಿ

“ಈ ಗೆರೆ ನಾನು ಹಾಕಿದ್ದಲ್ಲ.”

ಕತ್ತಿನ ಮೇಲೆ ಕೊಯ್ಯಲು ಗುರುತಿಟ್ಟ ಶಾಯಿಯ ಗೆರೆ ನೋಡಿ ಸರ್ಜನ್ನರ ಕೈಯ ಚಾಕು ಅಲ್ಲೇ ನಿಂತಿತು. ಮುಖದ ಮೇಲಿನ ಹಸಿರು ಬಟ್ಟೆ ಸರಿಸಿದರು — ಮತ್ತಿನಲ್ಲಿ ಮಲಗಿದ್ದವಳು ಅಕ್ಕನಲ್ಲ, ತಂಗಿ! ಮಣಿಕಟ್ಟಿನಲ್ಲಿ ಮಾತ್ರ ಅಕ್ಕನ ಹೆಸರಿನ ಪಟ್ಟಿ.

ಮಧ್ಯಾಹ್ನ ತನಿಖಾಧಿಕಾರಿ ವಾರ್ಡಿಗೆ ಬಂದಳು. ಒಂದೇ ಸ್ಟವ್ ಸಿಡಿದು ಸುಟ್ಟುಕೊಂಡ ಅಕ್ಕತಂಗಿಯರು. ಇಬ್ಬರಿಗೂ ಕತ್ತಿನ ಚರ್ಮ ಮುದುಡಿ, ಕೆಳತುಟಿ ಜಗ್ಗಿ, ಕುಡಿದ ನೀರು ಸೋರುತ್ತಿತ್ತು. ಅಕ್ಕನ ಮನೆ ಸೇತುವೆಯ ಈಚೆ. ಈ ಜಿಲ್ಲೆ ಆಪರೇಷನ್ನಿಗೆ ದುಡ್ಡು ಕೊಡುತ್ತದೆ. ತಂಗಿಯದು ಆಚೆ, ಆ ಜಿಲ್ಲೆ ಗಾಯ ಮಾಯುವವರೆಗೆ ಕೊಟ್ಟು, ಇನ್ನು ಮುಂದಿನದೆಲ್ಲ ಬರೀ ಅಂದಕ್ಕೆ ಎಂದು ಕೈತೊಳೆದುಕೊಂಡಿತ್ತು. ಮನೆಗೆ ಕಳಿಸುವ ತನಕ ಅವಳೂ ಅಕ್ಕನ ಪಕ್ಕದ ಮಂಚದಲ್ಲೇ ಇದ್ದಳು. ನೀರು ನಿಲ್ಲದ ತುಟಿಗೆ ಅಂದವಂತೆ! ತನಿಖಾಧಿಕಾರಿಗೆ ಮೈ ಉರಿಯಿತು. ಆದರೆ ಇದು ಅಕ್ಕತಂಗಿಯರೇ ಹೂಡಿದ ಆಟವೆಂದಾದರೆ ಅಕ್ಕನ ಮಂಜೂರಾತಿಯೂ ರದ್ದು.

ಪಟ್ಟಿ ಯಾರು ಬಿಚ್ಚಿದರೋ, ರಾತ್ರಿ ಇಬ್ಬರಿಗೂ ನಿದ್ದೆ ಮಾತ್ರೆ ಕೊಟ್ಟಿದ್ದರು ಎಂದಳು ಅಕ್ಕ. ತಾನು ಪಟ್ಟಿ ಮುಟ್ಟಿಲ್ಲವೆಂದು ವಾರ್ಡಿನ ನರ್ಸ್ ಕಣ್ಣೀರಿಟ್ಟು ಆಣೆ ಮಾಡಿದಳು. ಬೆಳಿಗ್ಗೆ ರೋಗಿಯನ್ನು ಒಯ್ಯಲು ಬಂದಿದ್ದ ಆಪರೇಷನ್ ಥಿಯೇಟರಿನ ಹಿರಿಯ ನರ್ಸ್, ಪಟ್ಟಿ ನೋಡಿಯೇ ಒಯ್ದೆ ಎಂದಳು.

ತನಿಖಾಧಿಕಾರಿ ತಂಗಿಯನ್ನು ಎಬ್ಬಿಸಿ ಕೂರಿಸಿದಳು. ಕತ್ತಿನ ಮೇಲಿನ ಶಾಯಿಯ ಗೆರೆ ಸೊಟ್ಟಗಿತ್ತು.

“ಸ್ವಲ್ಪ ಮಲಕ್ಕೊಳ್ಳಮ್ಮ.”

ಗೆರೆ ನೆಟ್ಟಗಾಯಿತು. ತನಿಖಾಧಿಕಾರಿ ಸರ್ಜನ್ನರನ್ನು ಒಂದೇ ಪ್ರಶ್ನೆ ಕೇಳಿ ಬಂದು ಎಲ್ಲರನ್ನೂ ಸೇರಿಸಿದಳು.

“ಮಲಗಿದರೆ ಚರ್ಮ ಜಾರುತ್ತಂತೆ. ಅದಕ್ಕೆ ಡಾಕ್ಟರು ವಾರ್ಡಲ್ಲೇ, ರೋಗೀನ ಕೂರಿಸಿಯೇ ಗೆರೆ ಹಾಕೋದು. ಇದನ್ನ ಹಾಕಿರೋದು ಮಲಗಿದವಳ ಮೇಲೆ. ತಂಗಿ ಒಪ್ಪಿದ್ದಿದ್ರೆ ಎದ್ದು ಕೂತ್ಕೊಳ್ತಿದ್ದಳು. ಅಕ್ಕ ಹಾಕಿದ್ದಿದ್ರೆ ಕೂರಿಸಿಯೇ ಹಾಕ್ತಿದ್ದಳು, ತಾನೂ ಕೂತೇ ಹಾಕಿಸಿಕೊಂಡವಳು. ವಾರ್ಡಿನ ನರ್ಸು ಪಕ್ಕದಲ್ಲೇ ದೀಪ ಹಿಡಿಯೋಳು, ಅವಳಿಗೂ ಗೊತ್ತು. ಈ ಗೆರೆಗಳನ್ನ ಯಾವಾಗಲೂ ಮೇಜಿನ ಮೇಲೆ ಮಲಗಿದವರಲ್ಲೇ ನೋಡಿರೋರು — ನೀವೊಬ್ಬರೇ, ಸಿಸ್ಟರ್.”

ಥಿಯೇಟರಿನ ನರ್ಸ್ ಮೆಲ್ಲನೆ ಟೋಪಿ ತೆಗೆದಳು.

“ಹೌದು, ನಾನೇ. ಆಚೆಯವರು ಬಾಗಿಲ ತನಕ ಬಂದು ವಾಪಸ್ ಹೋಗೋದನ್ನ ನೋಡಿ ನೋಡಿ ಸಾಕಾಗಿತ್ತು. ಅಕ್ಕನ ಮಂಜೂರಾತಿ ಹೇಗೂ ಇದೆ, ಅವಳಿಗೆ ಇನ್ನೊಂದು ದಿನ ಸಿಗುತ್ತೆ ಅಂದುಕೊಂಡೆ. ಈಗ ಅವಳದ್ದು ನಿಲ್ಲಲ್ಲ ತಾನೇ?”

“ನಿಲ್ಲಲ್ಲ. ಅವರಿಬ್ಬರದೂ ಏನೂ ತಪ್ಪಿಲ್ಲ.”

“ತಂಗೀದು?”

ತನಿಖಾಧಿಕಾರಿ ತನ್ನ ಫೈಲು ಮುಚ್ಚಿದಳು. ಇವತ್ತೇ ಅವಳನ್ನು ಮನೆಗೆ ಕಳಿಸುತ್ತಾರೆ ಎಂದಳು.

ತನಗೇನು ಶಿಕ್ಷೆ ಎಂದು ನರ್ಸ್ ಕೇಳಲೇ ಇಲ್ಲ.