ಸತ್ತವಳ ಎಡಗೈ

ಬೋರ್ಗ್‌ಹಿಲ್ಡ್ ಎಂಬ ಮುದುಕಿ ಸತ್ತು ಹನ್ನೆರಡು ದಿನಗಳಾದ ಮೇಲೆ ಆಸ್ಪತ್ರೆಗೆ ತಾನೇ ಫೋನು ಮಾಡಿ, ತಾನು ಚೆನ್ನಾಗಿದ್ದೇನೆಂದು ಹೇಳಿದ್ದಳು. ಆ ಮಾತನ್ನು ಬರೆದುಕೊಂಡ ದಾದಿ ಸುನ್ನೀವಾಳ ಕೆಲಸಕ್ಕೆ ಈಗ ಕುತ್ತು ಬಂದಿತ್ತು.

"ಕರೆ ಬಂದಿದ್ದಕ್ಕೆ ದಾಖಲೆ ಇದೆ. ಆದ್ರೂ ಯಾರೋ ಗೆಳತಿ ಕೈಲಿ ಮಾಡಿಸಿದೀಯ ಅಂತಾರೆ," ಎಂದು ಅವಳು ಗುದ್ರೂನಳ ಮುಂದೆ ಅತ್ತಳು. "ಈ ವಾರ ನನ್ನ ಪರವಾನಗಿ ಹೋಗತ್ತೆ. ನಾನು ಮೋಸ ಮಾಡಿಲ್ಲ."

ಗುದ್ರೂನ್ ನಾರ್ವೆಯ ಪಡುವಣ ಕರಾವಳಿಯಲ್ಲಿ ಆಸ್ಪತ್ರೆಯಿಂದ ಆಸ್ಪತ್ರೆಗೆ ಹೋಗಿ ಹೊಸ ಔಷಧಗಳ ಪ್ರಯೋಗ ನೆಟ್ಟಗೆ ನಡೆಯುತ್ತಿದೆಯೇ ಎಂದು ತಪಾಸಣೆ ಮಾಡುವವಳು. ಸುಳ್ಳು ಕಾಗದ ಹಿಡಿಯುವುದರಲ್ಲಿ ಅವಳನ್ನು ಮೀರಿಸಿದವರಿರಲಿಲ್ಲ. ಅವಳ ಸಹಾಯಕ ಟೊರ್ಗೈರ್ ಕಾರು ಓಡಿಸುತ್ತಿದ್ದ, ಟಿಪ್ಪಣಿ ಬರೆಯುತ್ತಿದ್ದ. ಅವನಿಗೆ ದೆವ್ವದ ಭಯವೂ ಇತ್ತು.

ಈ ಸಲದ ಔಷಧ ಮೆದುಳಿನ ರಕ್ತನಾಳದಲ್ಲಿ ಕಟ್ಟಿಕೊಂಡ ಹೆಪ್ಪನ್ನು ಕರಗಿಸುವಂಥದು. ಪಾರ್ಶ್ವವಾಯು ಬಡಿದವರಲ್ಲಿ ಅರ್ಧ ಜನಕ್ಕೆ ಔಷಧ, ಅರ್ಧ ಜನಕ್ಕೆ ಬರೀ ಉಪ್ಪುನೀರು. ಯಾರಿಗೆ ಯಾವುದೆಂದು ಯಾರಿಗೂ ತಿಳಿದಿರಬಾರದು. ತೊಂಬತ್ತನೇ ದಿನ, ರೋಗಿಯನ್ನು ಎಂದೂ ಕಾಣದ ದಾದಿಯೊಬ್ಬಳು ಫೋನಿನಲ್ಲಿ ಯೋಗಕ್ಷೇಮ ವಿಚಾರಿಸಬೇಕು.

"ಏನಂದ್ಲು? ಒಂದಕ್ಷರ ಬಿಡದೆ ಹೇಳು," ಎಂದಳು ಗುದ್ರೂನ್.

"ನಾಳೆ ನಾನಿರಲ್ಲ, ಇವತ್ತೇ ಕೇಳಿಬಿಡಿ ಅಂದ್ಲು. ನಂಬರು ಕಾಣಿಸ್ಲಿಲ್ಲ. ದನಿ ಬಾವಿಯೊಳಗಿಂದ ಬಂದ ಹಾಗಿತ್ತು. 'ಎಡಗೈ ಒಂಚೂರು ಭಾರ, ಅಷ್ಟೆ. ನನಗಿನ್ನು ಯಾರ ನೆರವೂ ಬೇಡ' ಅಂದ್ಲು."

ಟೊರ್ಗೈರ್ ಒಮ್ಮೆ ಬಾಗಿಲ ಕಡೆ ನೋಡಿಕೊಂಡ.

ಸತ್ತವಳ ತಂಗಿ ಒಡ್ನಿಯ ಮನೆ, ಬೆಟ್ಟಗಳ ನಡುವೆ ಒಳಚಾಚಿದ ಕಡಲಿನ, ಅಂದರೆ ಫ್ಯೋರ್ಡಿನ, ತುದಿಯಲ್ಲಿತ್ತು. ಮಂಜು ಎಷ್ಟು ದಟ್ಟವಾಗಿತ್ತೆಂದರೆ ಅಂಗಳದಲ್ಲಿ ನಿಂತರೂ ನೀರು ಕಾಣುತ್ತಿರಲಿಲ್ಲ, ದಡಕ್ಕೆ ಬಡಿಯುವ ಸದ್ದು ಮಾತ್ರ ಕೇಳುತ್ತಿತ್ತು. ಒಡ್ನಿ ಕಾಫಿ ಸುರಿಯುತ್ತ ಅಕ್ಕನ ಖಾಲಿ ಕುರ್ಚಿಯ ಕಡೆ ನೋಡಿದಳು.

"ಅಕ್ಕನ ಬಲಗೈ ಕೊರಡಾಗಿತ್ತು. ಎಡಗೈಲಿ ಚಮಚ ಹಿಡೀತಿದ್ಲು. ಮಾತು ಮೊದಲ ದಿನವೇ ಹೋಯ್ತು. ಬದುಕಿದ್ದಾಗ ಬರದ ಮಾತು ಸತ್ತ ಮೇಲೆ ಬಂತೇನು?"

"ನಿಮ್ಮ ದನಿ ಅವರ ಹಾಗೇ ಇತ್ತಂತೆ?" ಎಂದಳು ಗುದ್ರೂನ್.

"ಇತ್ತು. ಓಹೋ, ನನ್ನ ಮೇಲೂ ಕಣ್ಣೋ! ನಾನ್ಯಾಕೆ ಮುಚ್ಚಿಡ್ಲಿ? ತೊಂಬತ್ತನೇ ದಿನ ಫೋನು ಬರತ್ತೆ ಅಂತ ಪತ್ರ ಬಂದಾಗ, ಲಕೋಟೆ ಮೇಲೆ 'ತೀರಿಕೊಂಡಳು' ಅಂತ ಬರ್ದು ಕಳಿಸಿದವರಿಗೇ ವಾಪಸ್ ಹಾಕ್ದೆ."

ಆಸ್ಪತ್ರೆಗೆ ಮರಳಿದಾಗ, ಬೋರ್ಗ್‌ಹಿಲ್ಡಳ ಚಿಕಿತ್ಸೆ ಮಾಡಿದ್ದ ಡಾಕ್ಟರ್ ಲೊರೆಂಟ್ಸ್ ಅವಳ ಮೆದುಳಿನ ಚಿತ್ರ ತೋರಿಸಿದ. ಪರದೆಯ ಬಲಭಾಗದಲ್ಲಿ ಕಪ್ಪು ಕಲೆಯಿತ್ತು.

"ಬಲ ಮೆದುಳಾ?" ಎಂದ ಟೊರ್ಗೈರ್.

ಡಾಕ್ಟರ್ ನಕ್ಕ. "ಎಲ್ಲರೂ ಇಲ್ಲೇ ಎಡವ್ತಾರೆ. ಮಲಗಿದವರ ಕಾಲ ಬಳಿ ನಿಂತು ನೋಡಿದ ಹಾಗೆ ಇರತ್ತೆ ಈ ಚಿತ್ರ. ಬಲಕ್ಕೆ ಕಂಡಿದ್ದು ಅವರ ಎಡ. ಎಡ ಮೆದುಳು ಕೆಟ್ರೆ ಬಲಗೈ ಬೀಳತ್ತೆ."

ಗುದ್ರೂನ್ ಕೋಟು ಎತ್ತಿಕೊಂಡು, "ನಾಳೆ ಮಧ್ಯಾಹ್ನ ಎಲ್ಲರನ್ನೂ ಕರೀರಿ. ಓಸ್ಲೋ ಕಚೇರಿಯ ಯೊರುನ್‌ಳನ್ನೂ," ಎಂದಳು. ಪ್ರಯೋಗದ ಕಾಗದ, ಚಿತ್ರ, ಅಂಚೆ ಎಲ್ಲವೂ ಯೊರುನ್ ಎಂಬಾಕೆಯ ಕೈಯಲ್ಲಿದ್ದವು. ಇಲ್ಲಿಯವರು ಅವಳ ಮಿಂಚಂಚೆ ಕಂಡಿದ್ದರೇ ಹೊರತು ಮುಖ ಕಂಡಿರಲಿಲ್ಲ.

ಮರುದಿನ ಆರು ಕುರ್ಚಿಗಳು ತುಂಬಿದವು. ಕಿಟಕಿಯಾಚೆ ಅದೇ ಮಂಜು.

"ದೆವ್ವಕ್ಕೆ ತನ್ನ ಕೈ ಯಾವುದು ಅಂತ ಗೊತ್ತಿರತ್ತೆ," ಎಂದು ಗುದ್ರೂನ್ ಶುರುಮಾಡಿದಳು. "ಈ ದೆವ್ವಕ್ಕೆ ಗೊತ್ತಿರ್ಲಿಲ್ಲ. ಒಡ್ನಿ ದಿನಾ ಊಟ ಮಾಡಿಸಿದವರು, ಡಾಕ್ಟರ್ ಹಾಸಿಗೆ ಪಕ್ಕ ನಿಂತವರು. ಅವರಿಬ್ಬರೂ ಎಡಗೈ ಅನ್ನಲ್ಲ. ಚಿತ್ರ ನೋಡಿದವರು, ಆದ್ರೆ ರೋಗೀನ ನೋಡದವರು ಮಾತ್ರ ಹಾಗಂತಾರೆ. ಸುನ್ನೀವಾಗೆ ಚಿತ್ರ ತೋರಿಸೋದೇ ನಿಷೇಧ. ಇನ್ನು ಸಾವಿನ ಸುದ್ದಿ. 'ತೀರಿಕೊಂಡಳು' ಅನ್ನೋ ಲಕೋಟೆ ಹೋಗಿದ್ದು ಒಂದೇ ಮೇಜಿಗೆ. ಮಾರನೇ ದಿನ ಸುನ್ನೀವಾ ಫೋನು ಮಾಡಿದ್ರೆ ಒಡ್ನಿ ನಿಜ ಹೇಳ್ತಿದ್ರು. ಅದಕ್ಕೇ ಹಿಂದಿನ ದಿನ ದೆವ್ವವೇ ಫೋನು ಮಾಡ್ತು. ಅಲ್ವಾ ಯೊರುನ್?"

"ಇನ್ನೊಂದು ಸಾವು ದಾಖಲಾಗಿದ್ರೆ ಪ್ರಯೋಗ ನಿಲ್ಲಿಸಿಬಿಡ್ತಿದ್ರು," ಎಂದಳು ಯೊರುನ್.

ಆ ದನಿ ಕೇಳಿದ್ದೇ ಸುನ್ನೀವಾ ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿದುಕೊಂಡಳು. ಯೊರುನ್ ಮಾತು ಮುಂದುವರಿಸಿದಳು.

"ನನ್ನ ತಮ್ಮ ಸ್ವೆರ್ರೆ ಇದೇ ಪ್ರಯೋಗದಲ್ಲಿದ್ದ. ಹೆಣದ ಹಾಗೆ ಬಿದ್ದಿದ್ದವನು ಎರಡೇ ದಿನಕ್ಕೆ ನನ್ನ ಹೆಸರು ಹಿಡಿದು ಕರೆದ. ಈ ಔಷಧಾನ ಒಬ್ಬ ಮುದುಕಿಗೋಸ್ಕರ ಸಾಯೋಕೆ ಬಿಡ್ಬೇಕಿತ್ತಾ? ಈ ಹುಡುಗಿಯ ಕೆಲಸ ಹೋಗತ್ತೆ ಅಂತ ನನಗೆ ಹೊಳೀಲಿಲ್ಲ."

ಅವಳ ಮೇಲೆ ಟೊರ್ಗೈರನಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಮರುಕ.

"ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋದ್ರೆ, ಮುರಿದಿದ್ದು ಕಾಗೆ ಅಂತ ಹೇಗೆ ಹೇಳ್ತೀಯ?" ಗುದ್ರೂನಳ ದನಿ ಮೆತ್ತಗಾಯಿತು. "ಉಪ್ಪುನೀರು ಕೊಡೋದು ಅದಕ್ಕೇ ಅಲ್ವೇನೇ?"

ರೋಗಿಗಳ ಪಟ್ಟಿಯಲ್ಲಿ ಯೊರುನ್‌ಳ ತಮ್ಮನ ಹೆಸರನ್ನು ಗುದ್ರೂನ್ ಮೊದಲೇ ಕಂಡಿದ್ದಳು. ಅವಳ ಮಾತಿನಂತೆ ಡಾಕ್ಟರ್ ಪ್ರಯೋಗದ ಸುರಕ್ಷಾ ಸಮಿತಿಯ ಅಪ್ಪಣೆ ಪಡೆದು, ಯಾರಿಗೆ ಯಾವುದು ಕೊಟ್ಟದ್ದೆಂದು ಬರೆದ ಎರಡು ಮೊಹರಿನ ಲಕೋಟೆ ತಂದಿದ್ದ. ಮೊದಲನೆಯದನ್ನು ಒಡೆದು ಯೊರುನ್‌ಳ ಮುಖ ನೋಡಲಾರದೆ ಓದಿದ. "ಸ್ವೆರ್ರೆ. ಉಪ್ಪುನೀರು."

ಯೊರುನ್ ಕೈಚಾಚಿ ಆ ಕಾಗದವನ್ನು ಇಸಿದುಕೊಂಡು ತಾನೇ ಓದಿದಳು.

"ನಮ್ಮಕ್ಕಂಗೆ?" ಎಂದಳು ಒಡ್ನಿ.

ಡಾಕ್ಟರ್ ಎರಡನೆಯದನ್ನು ಒಡೆದ. "ಔಷಧ."

ಒಡ್ನಿ ಕಣ್ಣೊರೆಸಿಕೊಂಡು ಎದ್ದು, ಖಾಲಿ ನಮೂನೆಯೊಂದನ್ನು ಸುನ್ನೀವಾಳ ಮುಂದೆ ಸರಿಸಿದಳು.

"ಬರ್ಕೋ ಮಗೂ," ಎಂದಳು. "ನಮ್ಮಕ್ಕ ಸತ್ಲು ಅಂತ ಬರ್ಕೋ. ಮುಂದಿನವರಾದ್ರೂ ಬದುಕ್ಲಿ."