ಬಾಕಿ ಅಪ್‌ಡೇಟು: ಸೊನ್ನೆ

ಮಂಗಳವಾರ ಬೆಳಿಗ್ಗೆ ಏಳು ನಲವತ್ತಕ್ಕೆ ಅಮೆರಿಕದ ಓಕ್ಲ್ಯಾಂಡಿನ ಒಂದು ಆಸ್ಪತ್ರೆಯ ಲ್ಯಾಬ್ ಸರ್ವರು ಕೈಕೊಟ್ಟಿತು.

ಎಲ್ಲ ಪರದೆಗಳ ಮೇಲೂ ಒಂದೇ ಸಾಲು: ನಿಮ್ಮ ಫೈಲುಗಳಿಗೆ ಬೀಗ ಹಾಕಿದ್ದೇವೆ. ಯಾರೋ ದೂರದಿಂದ ಒಳಗೆ ನುಗ್ಗಿದ್ದರು. ಎಂಟೂವರೆಗೆ ಆಸ್ಪತ್ರೆಯ ಐಟಿಯವರು ಸರ್ವರಿನ ನೆಟ್‌ವರ್ಕ್ ಕೇಬಲು ಕಿತ್ತರು. ನರ್ಸುಗಳು ಕಾಗದ ಹಿಡಿದು ಮಹಡಿಯಿಂದ ಮಹಡಿಗೆ ಓಡಿದರು.

ನಾಲ್ಕನೇ ಮಹಡಿಯಲ್ಲಿ ಎಪ್ಪತ್ತೊಂದು ವರ್ಷದ ಬಂಗಾರೆವ್ವ ಮಲಗಿದ್ದರು. ರಕ್ತದಲ್ಲಿ ಪೊಟ್ಯಾಶಿಯಂ ಏರುತ್ತಿತ್ತು. ಪರೀಕ್ಷೆ ಮುಗಿದಿತ್ತು. ಫಲಿತಾಂಶ ಡಾಕ್ಟರ ಕೈಸೇರಲಿಲ್ಲ. ಹತ್ತು ಗಂಟೆ ದಾಟಿ ಹತ್ತು ನಿಮಿಷಕ್ಕೆ ಅವರ ಹೃದಯ ನಿಂತಿತು.

* * *

ಗುರುವಾರ ಪದ್ಮಜಾ ಹತ್ತಿರದ ಡ್ಯಾನ್‌ವಿಲ್ ಊರಿನಿಂದ ಹೊರಟು ಬಂದಳು. ಮೂಲ ಮೈಸೂರು. ಹದಿನೆಂಟು ವರ್ಷ ಸರ್ವರುಗಳನ್ನು ನೋಡಿಕೊಂಡವಳು. ಈಗ ಅವು ಕೆಟ್ಟರೆ, ಯಾಕೆ ಕೆಟ್ಟವು ಎಂದು ಹುಡುಕುವುದೇ ಕೆಲಸ. ಅವಳನ್ನು ಕರೆಸಿದ್ದು ಆಸ್ಪತ್ರೆಯ ಮುಖ್ಯ ವೈದ್ಯೆ ಡಾ. ಹೇಮಶ್ರೀ.

ಐಟಿ ವಿಭಾಗದ ಮುಖ್ಯಸ್ಥ ತಿರುಮಲೇಶ ಬಾಗಿಲಲ್ಲೇ ಕಾದಿದ್ದ. ನಿದ್ದೆಗೆಟ್ಟ ಕಣ್ಣು. ಇಸ್ತ್ರಿ ಮಾಡಿದ ಶರ್ಟು.

"ಕೇಸು ಸಿಂಪಲ್ಲು, ಪದ್ಮಜಾ ಅವರೇ. ಲೋಹಿತ್ ಅಂತ ನಮ್ಮ ಇಂಜಿನಿಯರು. ಸರ್ವರಿನ ಸಬ್‌ಸ್ಕ್ರಿಪ್ಶನ್ನು ರಿನ್ಯೂ ಮಾಡೋದು ಮರೆತಿದಾನೆ. ಸಬ್‌ಸ್ಕ್ರಿಪ್ಶನ್ ಇಲ್ಲ ಅಂದ್ರೆ ಅಪ್‌ಡೇಟು ಬರಲ್ಲ. ಅಪ್‌ಡೇಟು ಬರದೆ ಇದ್ರೆ ಕಳ್ಳರು ನುಗ್ಗೋ ತೂತು ಮುಚ್ಚಲ್ಲ."

"ನೀವು ಯಾವಾಗ ನೋಡಿದ್ರಿ?"

"ಮಂಗಳವಾರ ಬೆಳಿಗ್ಗೆನೇ. ಕೇಬಲ್ ಕೀಳೋಕೆ ಮುಂಚೆ. 'ನೋಂದಣಿ ಆಗಿಲ್ಲ' ಅಂತ ಸ್ಕ್ರೀನಲ್ಲೇ ತೋರಿಸ್ತಿತ್ತು. ಮಧ್ಯಾಹ್ನನೇ ಅವನ ಬ್ಯಾಡ್ಜು ಕಸ್ಕೊಂಡು ಮನೆಗೆ ಕಳಿಸಿದ್ವಿ."

ಪದ್ಮಜಾ ಆ ಮಾತನ್ನು ಹಾಗೇ ಬರೆದುಕೊಂಡಳು.

* * *

ಲೋಹಿತ್‌ನ ಅಪಾರ್ಟ್‌ಮೆಂಟಿನಲ್ಲಿ ಪೆಟ್ಟಿಗೆಗಳು ತೆರೆದಿದ್ದವು. ಕೆಲಸ ಹೋದರೆ ವೀಸಾ ಉಳಿಯುವುದು ಅರವತ್ತು ದಿನ. ಆಮೇಲೆ ದೇಶ ಬಿಡಬೇಕು. ಅವನ ಹೆಂಡತಿ ಒಳಗೆ ಮಗುವಿನ ಬಟ್ಟೆ ಮಡಚುತ್ತಿದ್ದಳು.

"ಜನವರಿಯಲ್ಲೇ ರಿನ್ಯೂ ಮಾಡಿದೀನಿ ಮೇಡಂ. ಇಮೇಲ್ ಇದೆ, ನೋಡಿ."

"ಭದ್ರತೆಯ ಅಪ್‌ಡೇಟುಗಳ ವಾರದ ರಿಪೋರ್ಟು ಯಾರು ನೋಡ್ತಿದ್ರು?"

"ನಾನೇ. ಪ್ರತಿ ಸೋಮವಾರ. 'ಬಾಕಿ ಅಪ್‌ಡೇಟು: ಸೊನ್ನೆ'. ಹಸಿರು ಬಣ್ಣ."

"ಯಾವಾಗಿಂದ ಸೊನ್ನೆ?"

ಅವನು ಲೆಕ್ಕ ಹಾಕಿದ. ದನಿ ತಗ್ಗಿತು. "ಫೆಬ್ರವರಿಯಿಂದ. ಐದು ತಿಂಗಳು." ಅವನೇ ಮುಂದುವರಿಸಿದ: "ತಿಂಗಳಿಗೊಂದಾದ್ರೂ ಹೊಸದು ಬರುತ್ತೆ. ಅಷ್ಟು ದಿನ ಸೊನ್ನೆ ಇರೋಕೆ ಸಾಧ್ಯನೇ ಇಲ್ಲ ಅಲ್ವಾ ಮೇಡಂ? ನಾನು ಕೇಳಬೇಕಿತ್ತು."

ಪದ್ಮಜಾ ಸಮಾಧಾನ ಹೇಳಲಿಲ್ಲ. ಅವನು ಹೇಳಿದ್ದು ನಿಜವಾಗಿತ್ತು.

"ಫೆಬ್ರವರಿಯಲ್ಲಿ ಏನಾಯ್ತು?"

"ಒಂದು ಅಪ್‌ಡೇಟು ಹಾಕಿದಾಗ ಲ್ಯಾಬು ಎರಡು ಗಂಟೆ ನಿಂತುಹೋಯ್ತು. ಬೋರ್ಡ್ ಮೀಟಿಂಗಲ್ಲಿ ತಿರುಮಲೇಶ್ ಸರ್‌ಗೆ ಎಲ್ಲರ ಮುಂದೆ ಬೈದ್ರು."

* * *

ಸರ್ವರ್ ರೂಮಿನಲ್ಲಿ ಚಳಿ. ಕಳ್ಳರು ಬೀಗ ಹಾಕಿದ್ದು ಲ್ಯಾಬಿನ ಫೈಲುಗಳಿಗೆ. ಆನ್ ಮಾಡಿದರೆ ಸರ್ವರು ಮಾತ್ರ ಇನ್ನೂ ಏಳುತ್ತಿತ್ತು. ಪದ್ಮಜಾ ಅದರ ಡಿಸ್ಕಿನ ನಕಲು ತೆಗೆದು, ಆ ನಕಲಿನ ಮೇಲೆ ಕೆಲಸ ಮಾಡಿದಳು.

ಸಬ್‌ಸ್ಕ್ರಿಪ್ಶನ್ ಇದೆಯೇ ಎಂದು ಕೇಳಿದಳು. ನೋಂದಣಿ ಆಗಿಲ್ಲ, ಎಂದಿತು. ತಿರುಮಲೇಶ ಹೇಳಿದ್ದು ಸರಿ.

ತನ್ನ ಲ್ಯಾಪ್‌ಟಾಪಿನಲ್ಲಿ ಸಾಫ್ಟ್‌ವೇರ್ ಕಂಪನಿಯ ಸೈಟು ತೆರೆದಳು. ಅಲ್ಲಿ ಅದೇ ಸರ್ವರು ಪಟ್ಟಿಯಲ್ಲಿತ್ತು. ನೋಂದಣಿ ಆಗಿದೆ. ಮುಂದಿನ ಜನವರಿಯವರೆಗೆ ಸಿಂಧು. ಕೊನೆಯ ಸಲ ಸಂಪರ್ಕಿಸಿದ್ದು ಮಂಗಳವಾರ ಬೆಳಿಗ್ಗೆ ಎಂಟು ಹನ್ನೆರಡು.

ಒಂದೇ ಸರ್ವರು. ಎರಡು ಉತ್ತರ.

ಅವಳು ರೆಪಾಸಿಟರಿಗಳ ಪಟ್ಟಿ ತೆಗೆದಳು. ಸರ್ವರಿಗೆ ಬೇಕಾದ ಅಪ್‌ಡೇಟುಗಳೆಲ್ಲ ಸಿಗುವ ಉಗ್ರಾಣಗಳು ಅವು. ಎರಡಿದ್ದವು. ಮೊದಲನೆಯದು ಮಾಮೂಲು. ಎರಡನೆಯದು, ಭದ್ರತೆಯದು, ಆಫ್ ಆಗಿತ್ತು. ಆ ರೂಮಿನ ಬಾಗಿಲನ್ನು ಯಾರ ಬ್ಯಾಡ್ಜ್ ಕಾರ್ಡು ಯಾವಾಗ ತೆರೆಯಿತು ಎಂಬ ದಾಖಲೆಯನ್ನೂ ತರಿಸಿಕೊಂಡಳು. ಅದನ್ನು ಎರಡು ಸಲ ಓದಿದಳು.

* * *

ಶುಕ್ರವಾರ ಹನ್ನೊಂದಕ್ಕೆ ಮೀಟಿಂಗ್ ರೂಮಿನಲ್ಲಿ ಮೂವರೇ. ಡಾ. ಹೇಮಶ್ರೀ, ತಿರುಮಲೇಶ, ಪದ್ಮಜಾ.

"ಸಬ್‌ಸ್ಕ್ರಿಪ್ಶನ್ ತಪ್ಪಿಹೋಗಿರಲೇ ಇಲ್ಲ," ಎಂದಳು ಪದ್ಮಜಾ. "ಮಂಗಳವಾರ ಎಂಟು ಹನ್ನೆರಡಕ್ಕೆ ಈ ಸರ್ವರು ಕಂಪನಿ ಜೊತೆ ಮಾತಾಡಿದೆ. ನೋಂದಣಿ ಇಲ್ಲದೆ ಅದು ಆಗಲ್ಲ. ಎಂಟೂವರೆಗೆ ಕೇಬಲ್ ಕಿತ್ತಿದಾರೆ. ಸರ್ವರೊಳಗಿನ ನೋಂದಣಿ ಪತ್ರ ಅಳಿಸಿರೋದು ಬುಧವಾರ, ಒಂಬತ್ತು ಹದಿನೇಳಕ್ಕೆ. ಡಿಸ್ಕಲ್ಲೇ ದಾಖಲಾಗಿದೆ. ನೆಟ್‌ವರ್ಕ್ ಇರಲಿಲ್ಲ ನೋಡಿ, ಅಳಿಸಿದ ಸುದ್ದಿ ಕಂಪನಿಗೆ ಮುಟ್ಟಲೇ ಇಲ್ಲ."

ತಿರುಮಲೇಶ ನೀರಿನ ಲೋಟ ತೆಗೆದುಕೊಂಡ. ಕುಡಿಯಲಿಲ್ಲ.

"ಬುಧವಾರ ಲೋಹಿತ್ ಹತ್ರ ಬ್ಯಾಡ್ಜು ಇರಲಿಲ್ಲ. ಕೇಬಲ್ ಇಲ್ಲದ ಸರ್ವರನ್ನ ಮುಟ್ಟಬೇಕಂದ್ರೆ ಆ ರೂಮಿಗೇ ಹೋಗಬೇಕು. ಆವತ್ತು ಬೆಳಿಗ್ಗೆ ಬಾಗಿಲು ತೆರೆದಿದ್ದು ಒಂದೇ ಕಾರ್ಡು. ಒಂಬತ್ತು ಹನ್ನೊಂದಕ್ಕೆ. ನಿಮ್ಮದು."

"ನಾನು ಚೆಕ್ ಮಾಡೋಕೆ ಹೋಗಿದ್ದೆ."

"ಬುಧವಾರ ಹುಟ್ಟಿದ 'ನೋಂದಣಿ ಆಗಿಲ್ಲ' ಅನ್ನೋ ಸಾಲನ್ನ ಮಂಗಳವಾರನೇ ಓದಿದೆ ಅಂದ್ರಲ್ಲ ತಿರುಮಲೇಶ್?"

ತಿರುಮಲೇಶ ಲೋಟ ಕೆಳಗಿಟ್ಟ.

"ಹಾಗಾದ್ರೆ ಅಪ್‌ಡೇಟು ಯಾಕೆ ಬರಲಿಲ್ಲ?" ಡಾ. ಹೇಮಶ್ರೀ ಕೇಳಿದರು.

"ಭದ್ರತೆಯ ರೆಪಾಸಿಟರಿ ಆಫ್ ಮಾಡಿದಾರೆ ಡಾಕ್ಟರ್. ಆಫ್ ಆದ ಕಡೆ ಸರ್ವರು ಹುಡುಕೋದೇ ಇಲ್ಲ. ಹುಡುಕದೇ ಇದ್ರೆ ಬಾಕಿ ಸೊನ್ನೆ ಅಂತಲೇ ತೋರಿಸುತ್ತೆ. ಕಳ್ಳರು ಬಂದ ತೂತಿಗೆ ಏಪ್ರಿಲ್‌ನಲ್ಲೇ ತೇಪೆ ಬಿಡುಗಡೆಯಾಗಿತ್ತು. ಇಲ್ಲಿಗೆ ಬರಲಿಲ್ಲ." ಪದ್ಮಜಾ ಒಂದು ಹಾಳೆ ಮುಂದೆ ಸರಿಸಿದಳು. "ಇಲ್ಲಿ ಕೊಡೋ ಪ್ರತಿ ಕಮಾಂಡಿನ ನಕಲು ಇನ್ನೊಂದು ಮೆಷಿನ್ನಿಗೆ ಹೋಗುತ್ತೆ. ಆಫ್ ಮಾಡಿದ್ದು ಫೆಬ್ರವರಿ ಹನ್ನೊಂದು. ಲಾಗಿನ್ನು ತಿರುಮಲೇಶ್ ಅವರದು. ಬೋರ್ಡ್ ಮೀಟಿಂಗ್ ಆದ ಮಾರನೇ ದಿನ."

ತಿರುಮಲೇಶ ಹಾಳೆ ಮುಟ್ಟಲಿಲ್ಲ.

"ಇನ್ನೊಂದು ಸಲ ನಿಂತ್ರೆ ನನ್ನ ಜಾಗ ಹೋಗುತ್ತೆ ಅಂದಿದ್ರು," ಎಂದ. "ಒಂದು ವಾರ ಆಫ್ ಮಾಡೋಣ ಅಂದ್ಕೊಂಡೆ. ಏನೂ ನಿಲ್ಲಲಿಲ್ಲ. ಎಲ್ಲರೂ ಹೊಗಳಿದ್ರು. ಆಮೇಲೆ ಆನ್ ಮಾಡೋಕೆ ಧೈರ್ಯ ಬರಲಿಲ್ಲ."

"ಲೋಹಿತ್?" ಡಾ. ಹೇಮಶ್ರೀಯವರ ದನಿ ಗಡುಸಾಗಿತ್ತು.

"ಯಾರದಾದ್ರೂ ಹೆಸರು ಬೇಕಿತ್ತು."

* * *

ಲೋಹಿತ್‌ನನ್ನು ಅವತ್ತೇ ವಾಪಸು ಕರೆದರು. ತಿರುಮಲೇಶನ ಹೇಳಿಕೆ ವಕೀಲರಿಗೂ ಪೊಲೀಸರಿಗೂ ಹೋಯಿತು.

ಸಂಜೆ ಐದಕ್ಕೆ ಬಂಗಾರೆವ್ವನ ಮಗ ಶಶಿಧರ ಆಸ್ಪತ್ರೆಗೆ ಬಂದ. ಪದ್ಮಜಾ ಎಲ್ಲವನ್ನೂ ಬಿಡಿಸಿ ಹೇಳಿದಳು.

"ಅವ್ವನ ರಿಪೋರ್ಟ್ ಎಷ್ಟಕ್ಕ ತಯಾರಿತ್ರೀ?"

"ಏಳು ಐವತ್ತೆರಡಕ್ಕೆ. ರಕ್ತ ಪರೀಕ್ಷೆ ಮಾಡಿದ ಮೆಷಿನ್ನಲ್ಲೇ ಉಳಿದುಬಿಡ್ತು."

"ಅಂದ್ರ ಎರಡು ತಾಸಿಗಿಂತ ಜಾಸ್ತಿ ಟೈಮ್ ಇತ್ತು."

"ಇತ್ತು."

ಅವನು ಮೇಜಿನ ಮೇಲಿದ್ದ ವರದಿಯನ್ನು ಎಳೆದುಕೊಂಡು ಹಾಳೆ ತಿರುವಿದ. ಮೂರನೇ ಪುಟದಲ್ಲಿ ಬೆರಳು ನಿಂತಿತು.

"'ಒಬ್ಬ ರೋಗಿ' ಅಂತ ಬರದೀರಿ."

"ಹೆಸರು ಹಾಕೋ ಹಾಗಿಲ್ಲ. ಮನೆಯವರು ಒಪ್ಪಿ ಸಹಿ ಮಾಡಿದ್ರೆ ಹಾಕಬಹುದು."

"ಪೆನ್ ಕೊಡ್ರಿ," ಎಂದ ಶಶಿಧರ.